ಟ್ರಂಕಿನ ಕಾಮಿಕ್ಸ್: 412ರಲ್ಲಿ 163 ಮುಗಿಯಿತು

ಈ ಮಳೆಗಾಲದಲ್ಲಿ ಹೊಸದಾಗಿ ಒಂದೂ ಕಾಮಿಕ್ಸ್ ಕೊಳ್ಳುವುದಿಲ್ಲ ಅಂತ ಜೂನ್ ಒಂದನೇ ತಾರೀಖು ಶಪಥ ಮಾಡಿದ್ದೆ. ಇರುವುದನ್ನೇ ಟ್ರಂಕಿನಿಂದ ತೆಗೆಯುವುದು, ಓದುವುದು, ಹರಿದಿದ್ದರೆ ಸರಿ ಮಾಡುವುದು, ಪಟ್ಟಿಗೆ ಬರೆದು ವಾಪಸ್ ಇಡುವುದು. ಎಣಿಸಿದಾಗ 412 ಇದ್ದವು. ಇವತ್ತಿಗೆ 163 ಮುಗಿದಿವೆ. ಶಪಥ ಮಾತ್ರ ಎರಡು ಸಲ ಮುರಿದಿದೆ.

ಓದದೆ ಯಾವುದನ್ನೂ ವಾಪಸ್ ಇಡಬಾರದು ಅನ್ನುವುದು ಈ ಸಲದ ನಿಯಮ. ಇದಕ್ಕೆ ಕಾರಣ ಇದೆ. ನಡುವೆ ಒಂದು ಹತ್ತು ವರ್ಷ ನನಗೆ ನಂಬರಿನ ಹುಚ್ಚು ಹಿಡಿದಿತ್ತು. ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚ್‌ನಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಒಟ್ಟು 803 ಸಂಚಿಕೆ. ಹೀಗೆ ಒಂದು ಲೆಕ್ಕ ಕೈಗೆ ಸಿಕ್ಕಿದ ಮೇಲೆ ಮನುಷ್ಯ ಸುಮ್ನೆ ಇರುತ್ತಾನಾ? ಇಲ್ಲದವುಗಳ ಚೀಟಿ ಜೇಬಿನಲ್ಲಿಟ್ಟುಕೊಂಡು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳನ್ನು ಸುತ್ತುತ್ತಿದ್ದೆ. ಸಿಕ್ಕಿದರೆ ಚೀಟಿಯಲ್ಲಿ ಗೀಟು ಎಳೆದು, ಕವರಿಗೆ ಹಾಕಿ, ಟ್ರಂಕಿಗೆ ಇಳಿಸುತ್ತಿದ್ದೆ. ಅಷ್ಟೇ. ಈಗ ತೆಗೆದು ನೋಡಿದರೆ ಅರವತ್ತಕ್ಕೂ ಜಾಸ್ತಿ ಸಂಚಿಕೆಗಳನ್ನು ಒಂದು ಸಲವೂ ಓದಿಲ್ಲ. ಕೊಂಡಿದ್ದು ನೆನಪಿದೆ, ಕೊಟ್ಟ ದುಡ್ಡೂ ನೆನಪಿದೆ, ಕಥೆ ಮಾತ್ರ ಗೊತ್ತಿಲ್ಲ!

ಫ್ಯಾಂಟಮ್‌ನಿಂದ ಶುರು ಮಾಡಿದೆ. ಲೀ ಫಾಕ್ 1936ರಲ್ಲಿ ಹುಟ್ಟಿಸಿದ ಪಾತ್ರ, ಕಾಡಿನಲ್ಲಿದ್ದು ದುಷ್ಟರನ್ನು ಬಡಿಯುವ ಮುಖವಾಡದ ವೀರ. ಆ ವೇಷ ಅಪ್ಪನಿಂದ ಮಗನಿಗೆ ಇಳಿದು ಬರುತ್ತದೆ. ಮೂಲದಲ್ಲಿ ಅವನ ಕಾಡಿರುವ ನಾಡು ಬಂಗಲ್ಲಾ. ಹಾಗೇ ಬಿಟ್ಟರೆ ನಾವು ಬಂಗಾಳ ಅಂತಲೇ ಓದಿಕೊಳ್ಳುತ್ತಿದ್ದೆವು, ಅಲ್ವಾ? ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಅವನ ಹಳೇ ಶತ್ರುಗಳಾದ ಸಿಂಘ್ ಕಡಲ್ಗಳ್ಳರು ಸಿಂಗಾ ಆದರು. ಐದನೇ ಕ್ಲಾಸಿನಲ್ಲಿ ಶಾಲೆಯ ಭೂಪಟದಲ್ಲಿ ಡೆಂಕಾಲಿ ಹುಡುಕಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ಆಗ ನನ್ನ ಕಣ್ಣೆಲ್ಲ ಅವನ ಉಂಗುರದ ಮೇಲೆ. ಹೊಡೆಸಿಕೊಂಡವನ ದವಡೆಯ ಮೇಲೆ ತಲೆಬುರುಡೆ ಗುರುತು ಮೂಡುವ ಚಿತ್ರ ಬಂದರೆ ಸಾಕು, ಅವತ್ತಿನ ಊಟ ಮರೆತುಹೋಗುತ್ತಿತ್ತು. ಈಗ ಓದುವಾಗ ಕಣ್ಣು ಹೋಗುವುದು ಗುಹೆಯೊಳಗಿನ ಕಪಾಟಿಗೆ. ಹಿಂದಿನ ಇಪ್ಪತ್ತು ಫ್ಯಾಂಟಮ್‌ಗಳೂ ಬರೆದಿಟ್ಟ ದಪ್ಪ ದಪ್ಪ ದಿನಚರಿಗಳು ಸಾಲಾಗಿ ನಿಂತಿವೆ. ಇಪ್ಪತ್ತೊಂದನೆಯವನು ಬೇಕೆಂದಾಗ ತೆಗೆದು ಓದುತ್ತಾನೆ. ನಾನೂರು ವರ್ಷದ ಕಾಗದ, ಕಾಡಿನ ಗುಹೆ, ಒಂದು ಹಾಳೆಗೂ ಬೂಷ್ಟು ಹಿಡಿದಿಲ್ಲ. ಆ ಗುಹೆಯ ವಿಳಾಸ ಯಾರಾದರೂ ಕೊಡಿ.

ಏಕೆಂದರೆ ನನ್ನ ಟ್ರಂಕು ಇದ್ದದ್ದು ಸಾಗರದ ಮನೆಯ ಅಟ್ಟದಲ್ಲಿ. ಮಲೆನಾಡಿನ ಮಳೆಗೆ ಕಾಗದಕ್ಕಿಂತ ಮೊದಲು ಸೋಲುವುದು ಪಿನ್ನು. ಬೆನ್ನಿನ ಎರಡು ಪಿನ್ನುಗಳು ತುಕ್ಕು ಹಿಡಿದು, ಆ ತುಕ್ಕು ಹಾಳೆಯಿಂದ ಹಾಳೆಗೆ ಇಳಿದು, ಕೊನೆಗೆ ಪಿನ್ನಿನ ಸುತ್ತಲಿನ ಕಾಗದವೇ ಪುಡಿಯಾಗುತ್ತದೆ. ಮುಟ್ಟಿದರೆ ನಡುವಿನ ಹಾಳೆ ಕೈಗೆ ಬರುತ್ತದೆ.

163ರಲ್ಲಿ 71ಕ್ಕೆ ಪಿನ್ನು ತೆಗೆಯಬೇಕಾಯಿತು. ನಡುಪುಟ ತೆರೆದು ಮೇಜಿನ ಮೇಲೆ ಅಂಗಾತ ಹಾಕುತ್ತೇನೆ. ಬೆಣ್ಣೆ ಸವರುವ ಮೊಂಡ ಚಾಕುವಿನಿಂದ ಪಿನ್ನಿನ ಎರಡು ಕಾಲುಗಳನ್ನು ನಿಧಾನಕ್ಕೆ ಎಬ್ಬಿಸಿ, ಆಮೇಲೆ ಪುಸ್ತಕ ತಿರುಗಿಸಿ ಹೊರಗಿನಿಂದ ಎಳೆಯುತ್ತೇನೆ. ಒಳಗಿನಿಂದ ಜಗ್ಗಿದರೆ ಕಾಗದವೂ ಜೊತೆಗೆ ಬರುತ್ತದೆ. ಮೂರು ಮುಖಪುಟ ಹಾಳು ಮಾಡಿ ಕಲಿತ ಪಾಠ ಇದು. ಒಣ ಬ್ರಷ್‌ನಿಂದ ತುಕ್ಕಿನ ಪುಡಿ ಗುಡಿಸಿ, ಅದೇ ಹಳೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಒಳಗಡೆ ಗಂಟು ಹಾಕುತ್ತೇನೆ. ಹೊಸ ತೂತು ಬೇಡ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ನಾನೇ ಚಿಕ್ಕವನಿದ್ದಾಗ ಹಚ್ಚಿದ ಟೇಪು ಈಗ ಜೇನುತುಪ್ಪದ ಬಣ್ಣಕ್ಕೆ ತಿರುಗಿ, ಅಂಟು ಮಾತ್ರ ಉಳಿದು, ಪ್ಲಾಸ್ಟಿಕ್ ಉದುರಿಹೋಗಿದೆ. ಒಂದು ಪುಸ್ತಕಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮನೆಯವಳು ಇದನ್ನು ನೋಡಿ, ನನ್ನ ಪ್ಯಾಂಟಿನ ಗುಂಡಿ ಇನ್ನು ಮೇಲೆ ನಾನೇ ಹಾಕಿಕೊಳ್ಳಬೇಕು ಅಂದಳು.

ಜಾದೂಗಾರ ಮ್ಯಾಂಡ್ರೇಕ್‌ನ ಕಥೆಗಳು ಬೇಗ ಮುಗಿದವು. ಬೇಸರವೂ ಆಯಿತು. ಕಷ್ಟ ಬಂದಾಗಲೆಲ್ಲ ಕೈ ಆಡಿಸಿ ಎದುರಿನವನ ಕಣ್ಣು ಕಟ್ಟಿಬಿಟ್ಟರೆ ಕಥೆಗೆ ಉಳಿಯುವುದೇನು? ಆಬಿದ್ ಸುರತಿ 1976ರಲ್ಲಿ ತಂದ ಬಹಾದುರ್ ಈಗಲೂ ಚೆನ್ನಾಗಿದ್ದಾನೆ. ಕೇಸರಿ ಜುಬ್ಬಾ, ಜೀನ್ಸ್ ಪ್ಯಾಂಟು, ಎದುರಿಗೆ ಡಕಾಯಿತರು. ಅವನ ಊರಿನ ಧೂಳು ನಮಗೆ ಗೊತ್ತಿರುವ ಧೂಳು.

ಈಗ ಶಪಥ ಮುರಿದ ಕಥೆ. ಮೊದಲನೆಯದು ಆನ್‌ಲೈನ್‌ನಲ್ಲಿ. ‘ಬಹಳ ಒಳ್ಳೇ ಸ್ಥಿತಿ’ ಅಂತ ಬರೆದಿದ್ದರು, 900 ರೂಪಾಯಿ ಕೊಟ್ಟೆ. ಬಂದಾಗ ನಡುವಿನ ನಾಲ್ಕು ಪುಟ ಕಲರ್ ಝೆರಾಕ್ಸ್. ಬೆರಳಲ್ಲಿ ಸವರಿದ ತಕ್ಷಣ ಗೊತ್ತಾಯಿತು, ನುಣ್ಣಗಿತ್ತು. ಕೇಳಿದರೆ ‘ಕಥೆ ಪೂರ್ತಿ ಇದೆಯಲ್ಲ ಸಾರ್’ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹೊಸ ನಿಯಮದ ಪ್ರಕಾರ ಅವರು ಹೇಳಿದ್ದೇ ಸರಿ. ಆದರೂ ಹೊಟ್ಟೆ ಉರಿಯಿತು. ಎರಡನೆಯದು ಹನ್ನೊಂದು ಬಾಲಮಂಗಳದ ಕಟ್ಟು, ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ. ಅದರ ಹೀರೋ ಡಿಂಗನನ್ನು ತಕ್ಕಡಿಯಲ್ಲಿ ಬಿಟ್ಟು ಬರುವುದಕ್ಕೆ ಆಗುತ್ತದಾ?

ಒಂದು ಆಸೆ ಮಾತ್ರ ನಿಯಮಕ್ಕೆ ಬಗ್ಗುತ್ತಿಲ್ಲ. ಇಂಗ್ಲಿಷ್ ಅಮರ ಚಿತ್ರ ಕಥೆಯಲ್ಲಿ ‘ಕೃಷ್ಣ’ನ ನಂಬರ್ 11. ರಾಮ್ ವಾಯೀರ್‌ಕರ್ ಬಿಡಿಸಿದ್ದು, ಸಂಪಾದಕರು ಕಾರ್ಕಳದ ಅನಂತ ಪೈ. ಪೈ ಅವರು ಅದಕ್ಕೆ ಮೊದಲು ಇಂದ್ರಜಾಲದಲ್ಲಿ ಕೆಲಸ ಮಾಡಿದ್ದವರು. ಸರಿ, ಹಾಗಾದರೆ ಒಂದರಿಂದ ಹತ್ತು ಏನು? ಸಿಂಡ್ರೆಲಾ, ಹುರುಳಿ ಬಳ್ಳಿ ಹತ್ತಿದ ಜ್ಯಾಕ್, ಇಂಥ ಪರದೇಶದ ಕಥೆಗಳು. ಅವು ಬಂದಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಮುಂದೆ ನಿಂತು ಮಾಡಿಸಿದ್ದು. ಆ ಹತ್ತರಲ್ಲಿ ಒಂದನ್ನೂ ನಾನು ಕಣ್ಣಾರೆ ನೋಡಿಲ್ಲ. ಅಂಗಡಿಯವರೊಬ್ಬರಿಗೆ ಹೇಳಿಟ್ಟು ಆರು ವರ್ಷ ಆಯಿತು. ಹೋದಾಗಲೆಲ್ಲ ಅವರು ನನ್ನನ್ನು ‘ಸಿಂಡ್ರೆಲಾ ಸಾರ್’ ಅಂತ ಕರೆಯುತ್ತಾರೆ.

ಎರಡೆರಡು ಪ್ರತಿ ಇರುವವು 38 ಸಿಕ್ಕಿವೆ. ಒಂದನ್ನು ಕೊಟ್ಟುಬಿಡುವುದು ಅಂತ ತೀರ್ಮಾನ. ‘ತೆನಾಲಿ ರಾಮ’ನ ಒಂದು ಪ್ರತಿ ಹೊಸದರ ಹಾಗಿದೆ. ಇನ್ನೊಂದರಲ್ಲಿ ಬಾಡಿಗೆ ಲೈಬ್ರರಿಯ ನೇರಳೆ ಸೀಲು, ಹದಿನಾಲ್ಕನೇ ಪುಟದಲ್ಲಿ ಅಜ್ಜಿ ಬಡಿಸಿದ ಸಾರಿನ ಕಲೆ. ಆ ಕಲೆಗೆ ದಂಡ ಕಟ್ಟಿ, ಪುಸ್ತಕವನ್ನೇ ಕೊಂಡುಕೊಳ್ಳಬೇಕಾಗಿ ಬಂದಿತ್ತು. ಅದೇ ನನ್ನ ಮೊದಲ ಖರೀದಿ. ಹೊಸ ಪ್ರತಿ ತಂಗಿಯ ಮಗನಿಗೆ ಹೋಯಿತು. ಅವನು ಊಟ ಮಾಡುತ್ತಾ ಓದುತ್ತಾನಂತೆ.

164ನೆಯದು ಒಂದು ಬಹಾದುರ್. ಬೆನ್ನು ಸ್ವಲ್ಪ ತೇವ ಇದೆ. ರಾತ್ರಿಯಿಂದ ಫ್ಯಾನಿನ ಕೆಳಗೆ ಬಿಡಿಸಿಟ್ಟಿದ್ದೇನೆ. ಒಣಗಿದ ಮೇಲೆ ಪಿನ್ನು ನೋಡಬೇಕು.