ಮಳೆಗಾಲಕ್ಕೆ 300 ಮೂಟೆ ಎಲೆ

ಮೊನ್ನೆ ಭಾನುವಾರ ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಒಣಎಲೆಯ ಮೂಟೆ ಎಣಿಸಿದೆ. 212. ಯುಗಾದಿಯೊಳಗೆ 300 ಆಗಬೇಕು. ಹೊಂಗೆ ಚಿಗುರಿಬಿಟ್ಟರೆ ಮತ್ತೆ ಇಷ್ಟು ಎಲೆ ಸಿಗೋದು ಮುಂದಿನ ವರ್ಷವೇ. ಪಕ್ಕದ ಬೀದಿ ಗುಡಿಸುವವರಿಗೂ ಹೇಳಿಟ್ಟಿದ್ದೇನೆ: ಸುಡಬೇಡಿ, ನಮಗೆ ಕೊಡಿ.

ಹಸಿಕಸವನ್ನು ಗೊಬ್ಬರ ಮಾಡುವ ಘಟಕ ನಡೆಸುವವಳಿಗೆ ಒಣಎಲೆಯ ಚಿಂತೆ ಯಾಕೆ ಅಂತ ಕೇಳುತ್ತಾರೆ. ಘಟಕ ಕಟ್ಟುವಾಗ ನನಗೂ ಗೊತ್ತಿರಲಿಲ್ಲ. ನಮ್ಮದು 180 ಮನೆ. ಮನೆಗೆ ದಿನಕ್ಕೆ ಅರ್ಧ ಕೆ.ಜಿ. ಅಂದರೂ 90 ಕೆ.ಜಿ. ಸಮಿತಿಯಲ್ಲಿ ಕೂತು ತೊಟ್ಟಿಯ ಲೆಕ್ಕವನ್ನೇನೋ ಚೆನ್ನಾಗಿಯೇ ಹಾಕಿದೆವು. ಉದ್ದ, ಅಗಲ, ಎತ್ತರ ಎಲ್ಲ ನಾಲ್ಕಡಿ, ಗಾಳಿಯಾಡಲು ಇಟ್ಟಿಗೆಗಳ ನಡುವೆ ಸಂದು. ಇನ್ನೂ ಎತ್ತರ ಮಾಡಿದರೆ ಅಡಿಯ ಕಸ ಒತ್ತಿಕೊಂಡು ಉಸಿರುಕಟ್ಟುತ್ತದೆ. ತೀರಾ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಒಂದು ತೊಟ್ಟಿ ತುಂಬಲು ಒಂದು ವಾರ, ತುಂಬಿದ್ದು ಮಾಗಲು ಎಂಟು ವಾರ. ಹಾಗಾಗಿ ಒಂಬತ್ತು ತೊಟ್ಟಿ. ಎಲೆಯ ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ.

ಮೊದಲ ಮಳೆಗಾಲಕ್ಕೆ ನೂರು ಮೂಟೆ ಇತ್ತು. ಹಸಿಕಸದ ಜೊತೆ ಬೆರೆಸಲು ದಿನಕ್ಕೆ ಎರಡು ಬೇಕು. ಜುಲೈ ಇಪ್ಪತ್ತರ ಹೊತ್ತಿಗೆ ಖಾಲಿ. ಮಾವಿನ ಸಿಪ್ಪೆ, ಹಲಸಿನ ತೊಳೆ ಬಿಡಿಸಿದ ಕಸ, ಮಿಕ್ಕ ಅನ್ನ ಎಲ್ಲ ಎಲೆಯಿಲ್ಲದೆ ಹಾಗೇ ಬಿತ್ತು. ನಾಲ್ಕೇ ದಿನಕ್ಕೆ ತೊಟ್ಟಿಯಡಿಯಿಂದ ಕಪ್ಪು ನೀರು ಹರಿಯಿತು. ಗರಗಸದ ಹೊಟ್ಟು ತರಿಸಿದೆ; ಅದು ತೀರಾ ನುಣ್ಣಗಿದ್ದು ನೀರು ಹೀರಿ ಮುದ್ದೆಕಟ್ಟಿತು. ನೆಲಮಹಡಿಯ ಬಾಣಂತಿಯೊಬ್ಬರು ವಾರವಿಡೀ ಕಿಟಕಿ ತೆರೆಯಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಆ ನಾತ ನನಗೆ ಹೊಸದಲ್ಲ. ಚಿಕ್ಕಮ್ಮನ ಮನೆ ಮಂಡೂರಿನ ಹತ್ತಿರ. ಬೆಂಗಳೂರಿನ ಕಸದ ಲಾರಿಗಳು ಅಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಬಾಗಿಲು ಹಾಕಿಕೊಂಡೇ ಉಣ್ಣುತ್ತಿದ್ದರು, ಆದರೂ ತಟ್ಟೆಯ ಮೇಲೆ ನೊಣ. ಊರಿನವರು ರಸ್ತೆಗಿಳಿದು, 2014ರ ಕೊನೆಗೆ ಲಾರಿಗಳು ನಿಂತವು. ಆ ಲಾರಿಗಳಲ್ಲಿ ನಮ್ಮ ಮನೆಯ ಹಳಸಿದ ಸಾರೂ ಇದ್ದಿರಬೇಕು. ದೊಡ್ಡ ಸಮುಚ್ಚಯಗಳು ಹಸಿಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಕರಗಿಸಬೇಕು ಅಂತ 2016ರ ನಿಯಮ ಬಂದಾಗ ನಾನು ಮುಂದೆ ಬಂದದ್ದು ಅದಕ್ಕೇ.

ಅಡುಗೆಮನೆಯ ಕಸದಲ್ಲಿ ನೈಟ್ರೋಜನ್ ಜಾಸ್ತಿ, ಒಣಎಲೆಯಲ್ಲಿ ಕಾರ್ಬನ್. ಒಂದು ಪಾಲು ನೈಟ್ರೋಜನ್‌ಗೆ 25ರಿಂದ 30 ಪಾಲು ಕಾರ್ಬನ್ ಇದ್ದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ, ತೊಟ್ಟಿಯ ನಡುವೆ 55 ಡಿಗ್ರಿ ದಾಟುತ್ತದೆ, ನೊಣದ ಮೊಟ್ಟೆ ಉಳಿಯುವುದಿಲ್ಲ. ಎಲೆ ಕಸದ ನಡುವೆ ಗಾಳಿಗೆ ಜಾಗವನ್ನೂ ಬಿಡುತ್ತದೆ. ಗಾಳಿ ಇಲ್ಲದ ಕಡೆ ಹುಟ್ಟುವ ಜೀವಿಗಳೇ ಬೇರೆ, ನಾತ ಅವುಗಳದ್ದು.

ಇದನ್ನೆಲ್ಲ ನಾನು ಓದಿ ತಿಳಿದೆ. ಘಟಕ ನೋಡಿಕೊಳ್ಳುವ ರಾಯಚೂರು ಕಡೆಯ ಅಕ್ಕ ಊರಿನ ತಿಪ್ಪೆಯಲ್ಲೇ ಕಲಿತವರು. ತೊಟ್ಟಿಯೊಳಗಿಂದ ಒಂದು ಹಿಡಿ ತೆಗೆದು ಹಿಂಡಿ ತೋರಿಸಿದರು. “ಒಂದೆರಡು ಹನಿ ಬರಬೇಕ್ರೀ ಅಕ್ಕಾರ, ಧಾರಿ ಹರೀಬಾರದು.” ನಾನು ತೇವದ ಮೀಟರ್ ಕೊಂಡಿದ್ದೆ. ಈಗ ಅವರ ಕೈಯನ್ನೇ ನಂಬುತ್ತೇನೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 150 ದಿನ, ದಿನಕ್ಕೆರಡರಂತೆ 300. ಅಕ್ಕ ಇಷ್ಟಕ್ಕೂ ಒಪ್ಪುತ್ತಿಲ್ಲ, ಇನ್ನೂ ಇಪ್ಪತ್ತು ಬೇಕಂತೆ. ಹೋದ ವರ್ಷ ಆಯುಧಪೂಜೆಯ ಮರುದಿನ ಗಾಡಿಗಳ ಮುಂದೆ ಒಡೆದ ಬೂದುಗುಂಬಳ ರಾಶಿರಾಶಿ ಬಂತು. ಅದರ ಮೈಯೆಲ್ಲ ನೀರು. ಒಳಗಿಟ್ಟ ಚಿಲ್ಲರೆ ಕಾಸನ್ನು ಹೆಕ್ಕಿ, ಕೊಚ್ಚಿ, ಎಲೆಯ ಮೇಲೆ ಎಲೆ ಸುರಿದರೂ ಸಾಲಲಿಲ್ಲ. ಈ ಸಲ ಆ ಇಪ್ಪತ್ತು ಮೂಟೆಗೆ ಬೇರೆ ಬಣ್ಣದ ದಾರ ಕಟ್ಟಿ, ಹಿಂದಿನ ಗೋಡೆಗೆ ಒರಗಿಸಿಡುತ್ತೇವೆ.