ಅಂಜದೀವ ಲಂಗರು ಕಿತ್ತಿತು: ಸಮುದ್ರ ಎರೆದದ್ದು ಮೂರನೇ ಸಲ

ಅಂಜದೀವ ದ್ವೀಪದ ನನ್ನ ಪುಟ್ಟ ಮಾದರಿಯ ಸುತ್ತ ಮೊನ್ನೆ ಸಂಜೆ ಎಪಾಕ್ಸಿಯಲ್ಲಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ದ್ರವ) ಎರೆದ ಸಮುದ್ರ ಇವತ್ತು ಬೆಳಿಗ್ಗೆ ಉಗುರು ಒತ್ತಿದರೂ ಜಗ್ಗಲಿಲ್ಲ. ಟಾರ್ಚ್ ಹಿಡಿದು ಬದಿಯಿಂದ ನೋಡಿದೆ. ಒಂದೇ ಒಂದು ಗುಳ್ಳೆ ಇಲ್ಲ! ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ, ಆಮೇಲೇ ಚಹಾ.

ಹೊಸದಾಗಿ ಓದುವವರಿಗೆ ಕಥೆ ಇಷ್ಟು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ಮುಂಬೈಯನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟಿತು. ಮರುವರ್ಷ ಅದನ್ನು ವಹಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ ಬಂದರೆ, ಅಲ್ಲಿದ್ದ ಪೋರ್ಚುಗೀಸರು ಕಾಗದ ಸರಿಯಿಲ್ಲ ಎಂದು ಬಿಟ್ಟುಕೊಡಲಿಲ್ಲ. ಸೂರತ್‌ನಲ್ಲೂ ಇಳಿಯಲು ಆಗಲಿಲ್ಲ. ಕೊನೆಗೆ ಇಳಿದದ್ದು ಕಾರವಾರದ ಹತ್ತಿರ ನಮ್ಮ ಬಿಣಗಾದ ಎದುರಿನ ಅಂಜದೀವದಲ್ಲಿ. ಅಲ್ಲಿ ಜ್ವರ, ಮಳೆ, ಅರೆಹೊಟ್ಟೆ. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ನೇ ಸತ್ತ. 1665ರ ಫೆಬ್ರುವರಿಯಲ್ಲಿ ಹಂಫ್ರಿ ಕುಕ್ ಮುಂಬೈಯನ್ನು ವಹಿಸಿಕೊಂಡಾಗ ಆ ದಂಡಿನಲ್ಲಿ ಉಳಿದಿದ್ದವರು ನೂರರ ಆಚೀಚೆ. ನಾನು ದಿನಾ ನೋಡುವ ಗುಡ್ಡದ ಮೇಲೆ ಇಷ್ಟು ಜನ ಸುಮ್ಮನೆ ಸತ್ತರು ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ಅದಕ್ಕೇ ನನ್ನ ಮಾದರಿಯಲ್ಲಿ ಇತಿಹಾಸ ಬೇರೆ. 1663ರ ಮಳೆಗಾಲದ ಒಂದು ರಾತ್ರಿ ಸೈನಿಕರು ಗುಡ್ಡಕ್ಕೆ ಹಾಯಿ ಕಟ್ಟುತ್ತಾರೆ. ನೈಋತ್ಯದ ಗಾಳಿ ತುಂಬಿಕೊಂಡು ದ್ವೀಪವೇ ಲಂಗರು ಕಿತ್ತು ಮುಂಬೈಗೆ ಹೊರಡುತ್ತದೆ. ಅದು ಬರುವುದನ್ನು ಕಂಡ ಮುಂಬೈಯ ಏಳು ದ್ವೀಪಗಳೂ ಹಾಯಿ ಬಿಚ್ಚಿ ದಿಕ್ಕಿಗೊಂದಾಗಿ ಓಡುತ್ತವೆ: ಮಾಹಿಮ್ ಒಂದು ಕಡೆ, ವರ್ಲಿ ಇನ್ನೊಂದು ಕಡೆ, ಕೊಲಾಬಾ ಎಲ್ಲಕ್ಕಿಂತ ಕೊನೆಗೆ. ಗೆಲ್ಲಲು ಊರೇ ಇಲ್ಲ. ದಂಡಯಾತ್ರೆ ಪೂರ್ತಿ ಸೋಲು, ಆದರೆ 400 ಮಂದಿಯೂ ಬದುಕಿರುತ್ತಾರೆ. ಈಗಿನ ಅಂಜದೀವವನ್ನು ನೌಕಾನೆಲೆಯ ಅಲೆತಡೆಗೋಡೆ ದಡಕ್ಕೆ ಸೇರಿಸಿದೆ. ಅದನ್ನು ನೋಡಿದಾಗಲೆಲ್ಲ ಕಟ್ಟು ಬಿಚ್ಚಿಬಿಡಬೇಕು ಅನ್ನಿಸುತ್ತದೆ.

ಅಳತೆ 1:2500. ದ್ವೀಪ ಚಿರೆಕಲ್ಲಿನದು, ಅರವತ್ತು ಸೆಂಟಿಮೀಟರ್. ಹಾಯಿಗೆ ಅಪ್ಪನ ಹಳೇ ಪಂಚೆ, ಕಂಬಕ್ಕೆ ಹಿಡಿಕಡ್ಡಿ. ತುದಿಗೆ ಹೋದಂತೆ ತಾನೇ ಸಪೂರವಾಗುವ ಅಂಥ ಕಂಬ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೆತ್ತನೆ, ಬಣ್ಣ ನಿಮಗೆ ಗೊತ್ತಿದ್ದದ್ದೇ, ಬಿಡಿ.

ಗೋಳು ಹೊಯ್ದುಕೊಂಡದ್ದು ಸಮುದ್ರ. ಮೊದಲ ಸಲ ಜುಲೈಯಲ್ಲಿ ಎರೆದೆ, ಗಾಳಿಯ ತೇವಕ್ಕೆ ಎಪಾಕ್ಸಿ ಮೇಲೆ ಮೇಣದಂಥ ಬಿಳಿ ಪೊರೆ ಬಂತು. ಅದು ಬಿಸಿನೀರು ಹಾಕಿ ತಿಕ್ಕಿದರೆ ಹೋಗುತ್ತದೆ, ಹೋಯಿತು ಕೂಡ. ಎರಡನೇ ಸಲ ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬ್ ಹಚ್ಚಿ ಬೆಚ್ಚಗಿಟ್ಟೆ. ಪೊರೆ ಬರಲಿಲ್ಲ, ಆದರೆ ದ್ವೀಪದ ದಡದ ಸುತ್ತ ಸಾವಿರಾರು ಗುಳ್ಳೆ, ಅನ್ನ ಕುದಿದ ಹಾಗೆ. ಹೀಟ್ ಗನ್ ಆಡಿಸಿದರೆ ಒಡೆದಷ್ಟೇ ಮತ್ತೆ ಏಳುತ್ತಿದ್ದವು. ಆನ್‌ಲೈನಿನಲ್ಲಿ ತರಿಸಿದ ಹಾರ್ಡನರ್ ಬಾಟಲಿ ಸೋರಿಕೊಂಡು, ಹಳದಿಯಾಗಿಯೇ ಬಂದಿತ್ತು. ಮಾರಿದವರಿಗೆ ಫೋಟೊ ಕಳಿಸಿದರೆ ‘ಮಳೆಗಾಲ ಸಾರ್’ ಎಂಬ ಉತ್ತರ. ಹದಿನೈದು ದಿನ ಅವರನ್ನೇ ಬೈದುಕೊಂಡಿದ್ದೆ. ಸೋರಿದ ತಪ್ಪು ಅವರದೇ, ಗುಳ್ಳೆಯ ತಪ್ಪು ಅವರದಲ್ಲ.

ಕಾರವಾರದ ಬೈತಖೋಲದಲ್ಲಿ ದೋಣಿಗೆ ಫೈಬರ್ ಹೊಡೆಯುವ ಹುಡುಗನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ಕೇಳಿದ್ದು ಒಂದೇ ಮಾತು: ‘ಅಣ್ಣಾ, ಯಾವ ಹೊತ್ತಿಗೆ ಹಚ್ಚಿದ್ರಿ?’ ಬೆಳಿಗ್ಗೆ, ಅಂದೆ. ‘ಬಿಸಿ ಏರುವಾಗ ಹಚ್ಚಿದ್ರೆ ಮರ ಉಸಿರು ಬಿಡ್ತದೆ. ಇಳಿವಾಗ ಹಚ್ಚಿ, ಒಳಗೆ ಎಳ್ಕೊಳ್ತದೆ.’

ಚಿರೆಕಲ್ಲೆಂದರೆ ಬರೀ ತೂತು. ಬಲ್ಬಿನ ಬಿಸಿಗೂ ಎಪಾಕ್ಸಿಯ ಸ್ವಂತ ಬಿಸಿಗೂ ಒಳಗಿನ ಗಾಳಿ ಹಿಗ್ಗಿ, ಎರೆದದ್ದನ್ನು ಸೀಳಿಕೊಂಡು ಹೊರಗೆ ಬರುತ್ತಿತ್ತು. ನಾನೇ ಬಲ್ಬ್ ಹಚ್ಚಿ ಗುಳ್ಳೆ ಎಬ್ಬಿಸುತ್ತಿದ್ದೆ! ಈ ಸಲ ಹಳೆಯ ಪದರವನ್ನು ಪೂರ್ತಿ ಕೆತ್ತಿ ತೆಗೆದು ಕಲ್ಲನ್ನು ಬಲ್ಬಿನಡಿ ಎರಡು ಗಂಟೆ ಕಾಯಿಸಿ, ಬಲ್ಬ್ ಆರಿಸಿ, ಕಲ್ಲು ತಣಿಯುತ್ತಿರುವಾಗಲೇ ಬ್ರಷ್ಷಿನಲ್ಲಿ ತೆಳ್ಳಗೆ ಎಪಾಕ್ಸಿ ಬಳಿದೆ. ಕಣ್ಣೆದುರಿಗೇ ಹೊಳಪು ಒಳಗಿಳಿಯಿತು, ಒಣನೆಲ ಮೊದಲ ಮಳೆ ಕುಡಿದ ಹಾಗೆ. ಮೂರು ಸಲ ಬಳಿದ ಮೇಲೆ ಕುಡಿಯುವುದು ನಿಂತಿತು. ಅದು ಗಟ್ಟಿಯಾದ ಮೇಲಷ್ಟೇ ಸಮುದ್ರ ಎರೆದೆ, ಒಂದು ಸಲಕ್ಕೆ ಐದು ಮಿಲಿಮೀಟರ್ ಮೀರದಂತೆ. ಬಣ್ಣ ನೀಲಿಯಲ್ಲ; ಮಳೆಗಾಲದಲ್ಲಿ ಕಾಳಿ ನದಿ ಮಣ್ಣು ತಂದು ಸುರಿದಾಗಿನ ಕಂದು.

ಎರೆಯುತ್ತಿರುವಾಗಲೇ ಮುಂದಿನದು ಹೊಳೆಯಿತು. ಕುಕ್ ಮುಂಬೈ ಸೇರಿದ ಅದೇ 1665ರ ಫೆಬ್ರುವರಿಯಲ್ಲಿ ಶಿವಾಜಿ 85 ಸಣ್ಣ ಹಡಗು, 3 ದೊಡ್ಡ ಹಡಗು ತೆಗೆದುಕೊಂಡು ಬಸ್ರೂರಿಗೆ ಹೋಗಿ, ಗೋಕರ್ಣದಲ್ಲಿ ಮಿಂದು, ಕಾರವಾರಕ್ಕೆ ಬಂದಿದ್ದ. ಆ 88 ಹಡಗುಗಳೂ ಗೋಕರ್ಣದ ಕೋಟಿತೀರ್ಥದ ಕೆರೆಯೊಳಗೆ ಲಂಗರು ಹಾಕಿ ನಿಂತರೆ? ಹಡಗಿಗೆ ಪಿಸ್ತಾ ಸಿಪ್ಪೆ ಕೂಡಿಡುತ್ತಿದ್ದೇನೆ.

ಇನ್ನು ಸೈನಿಕರು. ಈ ಅಳತೆಗೆ ಒಬ್ಬ ಮನುಷ್ಯ ಒಂದು ಮಿಲಿಮೀಟರಿಗಿಂತ ಕಡಿಮೆ, ಸರಿಯಾಗಿ ರವೆಯ ಕಾಳು. 400 ಕಾಳು ಎಣಿಸಿ, ಚಿಮಟದಿಂದ ಒಂದೊಂದಾಗಿ ಗೋಂದಿನಲ್ಲಿ ನಿಲ್ಲಿಸಿದ್ದೆ. ಇವತ್ತು ನೋಡಿದರೆ ದಡದ ಕಡೆ ಖಾಲಿ ಖಾಲಿ. ಇರುವೆ. 31 ಮಂದಿಯನ್ನು ಹೊತ್ತೊಯ್ದಿವೆ. ಎದೆ ಧಸಕ್ಕೆಂದಿತು. ಮಧ್ಯಾಹ್ನವೇ ಬೀಚಿಗೆ ಹೋಗಿ ಹೊಯಿಗೆ ತಂದು, ಜರಡಿ ಹಿಡಿದು, ರವೆಯನ್ನೆಲ್ಲ ಕಿತ್ತು ಹೊಯಿಗೆಯ ಕಾಳು ನಿಲ್ಲಿಸಿದೆ. ಕೊನೆಯವನನ್ನು ಮುಂಬೈ ಕಡೆಗಿನ ತುದಿಯಲ್ಲಿ ಅಂಟಿಸುವಾಗ ಸಂಜೆ ಏಳೂವರೆ. ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದೆ. ನಾನೂರು.