ಸಪ್ತಾಪುರದ ರೀಡಿಂಗ್ ರೂಮಿಗೊಂದು ಬಾಟ್

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಓದುತ್ತಿರುವವರ ದಿನದ ದೊಡ್ಡ ಪಾಲು ಟೆಲಿಗ್ರಾಮ್‌ನಲ್ಲಿಯೇ ಕಳೆಯುತ್ತದೆ. ಪಿಡಿಎಫ್ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಆದ್ದರಿಂದ ನಮ್ಮ ಓಣಿಯಲ್ಲಿ ರೀಡಿಂಗ್ ರೂಮ್ ನಡೆಸುವ ಕಾಕಾ, ತಾವು ಬೆಳಿಗ್ಗೆ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದ ಪ್ರಶ್ನೆಗಳನ್ನು ಹುಡುಗರ ಮೊಬೈಲಿಗೇ ಕಳಿಸಲು ಬರುತ್ತದೆಯೇ ಎಂದು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡು, ಒಂದು ರವಿವಾರ ಲ್ಯಾಪ್‌ಟಾಪ್ ಹಿಡಿದು ಅವರ ಟೇಬಲ್ಲಿನ ಎದುರು ಕುಳಿತೆ.

ಟೆಲಿಗ್ರಾಮ್ 2015ರಿಂದ ಬಾಟ್‌ಗಳಿಗೆ, ಅಂದರೆ ಮನುಷ್ಯರ ಬದಲು ಪ್ರೋಗ್ರಾಮೇ ನಡೆಸುವ ಖಾತೆಗಳಿಗೆ, ಅವಕಾಶ ಕೊಟ್ಟಿದೆ. ಬಾಟ್‌ಫಾದರ್ ಎಂಬ ಇನ್ನೊಂದು ಬಾಟ್‌ಗೆ ಸಂದೇಶ ಕಳಿಸಿ, ಹೆಸರು ಕೊಟ್ಟರೆ, ಅದು ಪಾಸ್‌ವರ್ಡಿನಂಥ ಉದ್ದನೆಯ ಟೋಕನ್ ಒಂದನ್ನು ಕೊಡುತ್ತದೆ. ಆ ಟೋಕನ್ ಯಾರ ಕೈಗೆ ಸಿಕ್ಕಿತೋ ಬಾಟ್ ಅವರದೇ ಆಗುವುದರಿಂದ ಅದನ್ನು ಕೋಡಿನಲ್ಲಿ ಬರೆಯದೆ ಬೇರೆ ಇಟ್ಟುಕೊಳ್ಳಬೇಕು. ಮುಂದಿನ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಪೈಥಾನ್-ಟೆಲಿಗ್ರಾಮ್-ಬಾಟ್ ಎಂಬ ಲೈಬ್ರರಿ, ಅಂದರೆ ಪೈಥಾನ್ ಭಾಷೆಯಲ್ಲಿ ಬಾಟ್ ಬರೆಯಲು ನೆರವಾಗುವ ಸಿದ್ಧ ಕೋಡಿನ ಸಂಗ್ರಹ. ಇದರ 20ನೆಯ ಆವೃತ್ತಿಯಿಂದ ಎಲ್ಲ ಹ್ಯಾಂಡ್ಲರ್‌ಗಳೂ (ಬಂದ ಸಂದೇಶವನ್ನು ನಿಭಾಯಿಸುವ ಫಂಕ್ಷನ್‌ಗಳು) ಅಸಿಂಕ್, ಅಂದರೆ ಒಂದು ಕೆಲಸಕ್ಕೆ ಕಾಯುವಾಗ ಇನ್ನೊಂದಕ್ಕೆ ಎಡೆಕೊಡುವ ಮಾದರಿಯವು, ಆಗಿರುವುದರಿಂದ ಹಳೆಯ ಪಾಠಗಳ ಕೋಡನ್ನು ನಕಲು ಮಾಡಿದರೆ ನಡೆಯುವುದಿಲ್ಲ. ಇದನ್ನು ಬಿಟ್ಟರೆ ಲೈಬ್ರರಿ ಬಹಳ ಸೌಜನ್ಯದ್ದು. ಯಾವ ಆಜ್ಞೆಗೆ ಯಾವ ಫಂಕ್ಷನ್ ಓಡಬೇಕು ಎಂದು ತಿಳಿಸಿದರೆ ಉಳಿದದ್ದನ್ನು ತಾನೇ ನೋಡಿಕೊಳ್ಳುತ್ತದೆ.

"ನನ್ನ ರಜಿಸ್ಟರಿನಾಗ ಎಲ್ಲಾರ ನಂಬರ್ ಅದಾವಲ್ಲೋ ತಮ್ಮಾ, ಒಂದ್ ಕಡಿಂದ ಕಳಿಸಿಬಿಡು" ಎಂದರು ಕಾಕಾ. ಅದು ಸಾಧ್ಯವಿರಲಿಲ್ಲ. ಬಳಕೆದಾರರು ತಾವಾಗಿ ಸ್ಟಾರ್ಟ್ ಒತ್ತುವವರೆಗೆ ಬಾಟ್ ಯಾರಿಗೂ ಮೊದಲ ಸಂದೇಶ ಕಳಿಸುವಂತಿಲ್ಲ. ಈ ನಿರ್ಬಂಧ ಇಲ್ಲದಿದ್ದರೆ ನಮ್ಮೆಲ್ಲರ ಮೊಬೈಲು ಜಾಹೀರಾತುಗಳಲ್ಲಿ ಮುಳುಗಿಹೋಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಕಾಕಾ ಅವರಿಗೆ ಮಾತ್ರ ಇದು ಅನವಶ್ಯಕ ಶಿಷ್ಟಾಚಾರವೆಂದು ಕಂಡಿತು. ಕೊನೆಗೆ ಬಾಟ್‌ನ ಲಿಂಕಿಗೆ ಒಂದು ಕ್ಯೂಆರ್ ಕೋಡ್ ಮಾಡಿ, ಚಪ್ಪಲಿ ಸ್ಟ್ಯಾಂಡಿನ ಮೇಲಿನ ಗೋಡೆಗೆ ಅಂಟಿಸಿದೆವು.

ನಿಜವಾದ ತೊಡಕು ಬಂದದ್ದು ವಿಷಯಗಳ ಪಟ್ಟಿಯಲ್ಲಿ. ಸಂದೇಶದ ಕೆಳಗೆ ಬಟನ್‌ಗಳನ್ನಿಟ್ಟರೆ, ಪ್ರತಿ ಬಟನ್ನಿನ ಹಿಂದೆ ಕಾಲ್‌ಬ್ಯಾಕ್ ಡೇಟಾ ಎಂಬ ಗುಪ್ತ ಪಠ್ಯವೊಂದಿರುತ್ತದೆ; ಒತ್ತಿದಾಗ ನಮ್ಮ ಪ್ರೋಗ್ರಾಮಿಗೆ ಬಂದು ತಲುಪುವುದು ಅದೇ. ನಾನು ವಿಷಯದ ಹೆಸರನ್ನೇ ಅಲ್ಲಿಯೂ ಇಟ್ಟಿದ್ದೆ. 'ಭಾರತದ ಸಂವಿಧಾನ' ಇದ್ದಾಗ ಪಟ್ಟಿ ಚೆನ್ನಾಗಿಯೇ ಬಂತು. ಅದರ ಕೆಳಗೆ 'ಭಾರತದ ಸ್ವಾತಂತ್ರ್ಯ ಸಂಗ್ರಾಮ' ಸೇರಿಸಿದ ಕೂಡಲೇ, ಆ ಒಂದು ಬಟನ್ನಷ್ಟೇ ಅಲ್ಲ, ಇಡೀ ಸಂದೇಶವೇ ಹೋಗದೆ ನಿಂತು, ಟರ್ಮಿನಲ್ಲಿನಲ್ಲಿ 'ಬಟನ್ ಡೇಟಾ ಇನ್‌ವ್ಯಾಲಿಡ್' ಎಂಬ ದೋಷ ಕಾಣಿಸಿತು. ಇಂಗ್ಲಿಷ್ ಹೆಸರಿಟ್ಟರೆ ಮತ್ತೆ ಸರಿಯಾಗುತ್ತಿತ್ತು.

ಕಾಲ್‌ಬ್ಯಾಕ್ ಡೇಟಾದ ಮಿತಿ 64 ಬೈಟ್‌ಗಳು, ಅಕ್ಷರಗಳಲ್ಲ, ಬೈಟ್‌ಗಳು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಆದರೆ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ಗುಣಿತ, ಒತ್ತಕ್ಷರಗಳ ಒಳಗಿನ ಚಿಹ್ನೆಗಳೆಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ತ್ರ್ಯ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ತಕಾರ, ಹಲಂತ, ರಕಾರ, ಮತ್ತೆ ಹಲಂತ, ಯಕಾರ ಎಂದು ಐದು ಚಿಹ್ನೆಗಳು, ಅಂದರೆ 15 ಬೈಟ್. 'ಸ್ವಾತಂತ್ರ್ಯ' ಒಂದಕ್ಕೇ 33 ಬೈಟ್ ಹೋಗುತ್ತವೆ. 'ಭಾರತದ ಸಂವಿಧಾನ' 37 ಬೈಟಿಗೆ ಮುಗಿದಿತ್ತು. ಸಂಗ್ರಾಮದ ಸಾಲು 71ಕ್ಕೆ ಏರಿತ್ತು. ಹೆಸರುಗಳನ್ನು ಮೊಟಕುಗೊಳಿಸೋಣವೆಂದರೆ ಕಾಕಾ ಬಿಲ್ಕುಲ್ ಒಪ್ಪಲಿಲ್ಲ, ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತು. ಬಟನ್ನಿನ ಮೇಲೆ ಪೂರ್ತಿ ಕನ್ನಡ ಹೆಸರು ಉಳಿಸಿ, ಹಿಂದೆ ಬರೀ ಒಂದು ಕ್ರಮಸಂಖ್ಯೆ ಇಟ್ಟು, ಆ ಸಂಖ್ಯೆ ಯಾವ ವಿಷಯದ್ದು ಎಂಬುದನ್ನು ಡೇಟಾಬೇಸಿನಲ್ಲಿ ಬರೆದುಕೊಂಡೆ. ಕನ್ನಡದಲ್ಲಿ ಬಾಟ್ ಮಾಡುವವರು ಮೊದಲ ದಿನದಿಂದಲೇ ಹೀಗೆ ಮಾಡುವುದು ಲೇಸು.

ಸಂಜೆ ರೋಣದ ಕಡೆಯ ಹುಡುಗಿಯೊಬ್ಬಳು ಬಂದು, "ಅಣ್ಣಾರ, ಇದು ಬರೇ ತಿರಗಾಕತ್ತೈತಿ ನೋಡ್ರಿ" ಎಂದು ಮೊಬೈಲು ತೋರಿಸಿದಳು. ಬಟನ್ ಒತ್ತಿದ್ದು ತಲುಪಿದೆ ಎಂದು ಪ್ರೋಗ್ರಾಮು ಮರಳಿ ತಿಳಿಸುವವರೆಗೆ ಬಟನ್ನಿನ ಮೇಲೆ ಆ ಗುರುತು ತಿರುಗುತ್ತಲೇ ಇರುತ್ತದೆ. ಹಾಗೆ ತಿಳಿಸುವುದು ಒಂದು ಸಾಲು ಕೋಡಿನ ಕೆಲಸ. ಪ್ರಶ್ನೆಗಳನ್ನು ಟೆಲಿಗ್ರಾಮ್‌ನ ಕ್ವಿಜ್ ಮಾದರಿಯಲ್ಲಿಯೇ ಕಳಿಸಿದೆವು. ಅಲ್ಲಿ ಮಿತಿ ಇರುವುದು ಬೈಟಿನಲ್ಲಲ್ಲ ಎಂಬುದೊಂದು ಸಮಾಧಾನ, ಆದರೂ ಉತ್ತರದ ಜೊತೆ ತೋರಿಸುವ ವಿವರಣೆ 200 ಚಿಹ್ನೆಗಳನ್ನು ದಾಟುವಂತಿಲ್ಲ. ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ಹೆಸರಾದ ಬಗ್ಗೆ ಕಾಕಾ ಬರೆದದ್ದು ಅದರ ಎಷ್ಟೋ ಪಟ್ಟು ಇದ್ದುದರಿಂದ ವಿವರಣೆಗಳನ್ನು ಪ್ರತ್ಯೇಕ ಸಂದೇಶವಾಗಿ ಕಳಿಸುವ ಏರ್ಪಾಡಾಯಿತು. ಇಸವಿಯನ್ನು ಬೆರಳಚ್ಚಿಸಿ ಉತ್ತರಿಸುವ ಪ್ರಶ್ನೆಗಳಿಗೆ ಕೆಲವರು '೧೯೭೩' ಎಂದು ಕನ್ನಡ ಅಂಕಿಗಳಲ್ಲಿ ಬರೆದರು. ಪೈಥಾನ್ ಅವನ್ನೂ ಸಂಖ್ಯೆಯೆಂದೇ ಓದಿಕೊಳ್ಳುತ್ತದೆ, ನಾನೇನೂ ಮಾಡಬೇಕಾಗಲಿಲ್ಲ.

ಬಾಟ್ ಓಡುತ್ತಿದ್ದದ್ದು ರೀಡಿಂಗ್ ರೂಮಿನ ಹಳೆಯ ಕಂಪ್ಯೂಟರಿನಲ್ಲಿ. ಹೊಸ ಸಂದೇಶ ಬಂದಿದೆಯೇ ಎಂದು ಪ್ರೋಗ್ರಾಮೇ ಸರ್ವರನ್ನು ಕೇಳುತ್ತಿರುವ ಪೋಲಿಂಗ್ ವಿಧಾನಕ್ಕೆ ಸ್ವಂತ ಡೊಮೇನು ಬೇಕಿಲ್ಲ, ಖರ್ಚೂ ಇಲ್ಲ. ಆದರೆ ಅಂದು ರಾತ್ರಿ ಮಳೆಗೆ ಕರೆಂಟು ಹೋಯಿತು. ಉತ್ತರ ಸಿಗದ ಸಂದೇಶಗಳನ್ನು ಟೆಲಿಗ್ರಾಮ್ 24 ಗಂಟೆಯವರೆಗೆ ಕಾದಿಡುವುದರಿಂದ, ಬೆಳಿಗ್ಗೆ ಕಂಪ್ಯೂಟರ್ ಶುರುವಾದಾಗ ಅವೆಲ್ಲ ಒಮ್ಮೆಲೇ ಬಂದವು. ಬರೆದು ಕಳಿಸಿದವರಿಗೆ ಉತ್ತರ ಹೋಯಿತು. ಬಟನ್ ಒತ್ತಿದವರ ವಿಷಯದಲ್ಲಿ ಮಾತ್ರ, ಒತ್ತಿ ಬಹಳ ಹೊತ್ತಾಯಿತೆಂದು ಸರ್ವರ್ ತಕರಾರು ತೆಗೆಯಿತು. ಬಾಕಿ ಸಂದೇಶಗಳನ್ನು ಶುರುವಿನಲ್ಲಿಯೇ ಕೈಬಿಡುವ ಆಯ್ಕೆ ಲೈಬ್ರರಿಯಲ್ಲಿದೆ. ಅದನ್ನು ಹಾಕಲೇ ಎಂದು ಕೇಳಿದ್ದಕ್ಕೆ ಕಾಕಾ, "ನಡುರಾತ್ರಿ ಎದ್ದು ಕುಂತು ಓದಿದವ್ರಿಗೆ ಉತ್ತರಾ ಕೊಡಲಿಲ್ಲಂದ್ರ ಹೆಂಗ?" ಎಂದರು. ಆ ಆಯ್ಕೆಯನ್ನು ಮುಟ್ಟಲಿಲ್ಲ. ಹಳೆಯ ಬಟನ್ನಿನ ದೋಷವನ್ನು ಲಕ್ಷಿಸದೆ, ಒತ್ತಿದ ವಿಷಯದ ಪ್ರಶ್ನೆಯನ್ನು ಹೊಸದಾಗಿ ಕಳಿಸುವಂತೆ ಬದಲಿಸಿದೆ.